ಕಲ್ಲು ಬಿಟ್ಟ ಹವಳ

ಹವಳ ಇದ್ದ ಜಾಗ ಖಾಲಿಯಾಗಿತ್ತು.

ಸೋಮವಾರ ಬೆಳಿಗ್ಗೆ ಏಳೂವರೆ ಗಂಟೆ. ವಾಕಿಂಗ್ ಮುಗಿಸಿ ಬಂದ ಗೋಪೀನಾಥ ಬೂಟು ಬಿಚ್ಚುವ ಮೊದಲೇ, ದಿನದ ರೂಢಿಯಂತೆ, ಹಾಲ್‌ನಲ್ಲಿದ್ದ ಗಾಜಿನ ಟ್ಯಾಂಕಿನ ಮುಂದೆ ಬಗ್ಗಿದ. ಬಗ್ಗಿದವನು ಹಾಗೇ ಉಳಿದ. ಕಾಫಿ ಲೋಟ ಹಿಡಿದು ಅಡುಗೆಮನೆಯಿಂದ ಬಂದ ಅಕ್ಕ ಪಂಕಜಾಳಿಗೆ ಮೊದಲು ಕಂಡದ್ದು ಅವನ ಬೆನ್ನು. ಏನೋ ಆಗಿದೆ ಎಂದು ಆ ಬೆನ್ನಿನಿಂದಲೇ ಗೊತ್ತಾಯಿತು.

"ಅಕ್ಕಾ, ಉದಯಕುಮಾರ್ ಕೊಟ್ಟ ಹವಳ ಇಲ್ಲ."

"ಸರಿಯಾಗಿ ನೋಡೋ. ಬಿದ್ದಿರುತ್ತೆ."

ಅವನು ಟಾರ್ಚು ತಂದ. ಕಲ್ಲುಗಳ ಸಂದಿಯಲ್ಲಿ, ಬಿಳಿ ಮರಳಿನ ಮೇಲೆ, ಪಂಪಿನ ಬುಡದಲ್ಲಿ, ಎಲ್ಲ ಕಡೆ ಬೆಳಕು ಬಿಟ್ಟ. ಇಲ್ಲ. ಸೋತು ಕುರ್ಚಿಗೆ ಕುಸಿದು ಕಾಫಿಗೆ ಕೈಚಾಚಿದ. ಸ್ಟೀಲ್ ಲೋಟ ಮುಟ್ಟಿದವನೇ 'ಸ್' ಎಂದು ಕೆಳಗಿಟ್ಟು, ಕರವಸ್ತ್ರ ಸುತ್ತಿ ಎತ್ತಿಕೊಂಡ.

ಗೋಪೀನಾಥ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮೇಷ್ಟ್ರು. ಮದುವೆಯಾಗಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಪಂಕಜಾ, ಗಂಡ ತೀರಿಕೊಂಡ ಮೇಲೆ ಚಂದ್ರಾ ಲೇಔಟಿನ ಈ ಮನೆಗೆ ಬಂದು ತಮ್ಮನ ಜೊತೆ ಇದ್ದಳು. ಅವಳು ಬಂದ ವರ್ಷವೇ ಐದಡಿಯ ಈ ಟ್ಯಾಂಕೂ ಬಂತು. ಉಪ್ಪು ಬೆರೆಸಿದ ನೀರು, ಗುಡ್ಡದಂತೆ ಪೇರಿಸಿದ ಕಲ್ಲು, ಕಲ್ಲಿನ ಮೈಮೇಲೆ ಜೀವಂತ ಹವಳಗಳು. ಹವಳದ ಒಂದು ಚೂರನ್ನು ನಾಣ್ಯದಷ್ಟು ಅಗಲದ ಬಿಲ್ಲೆಗೆ ಕೂರಿಸಿ, ಆ ಬಿಲ್ಲೆಯನ್ನು ಕಲ್ಲಿಗೆ ಅಂಟಿಸಬೇಕು. ಅಂಟಿಸದೆ ಇಟ್ಟರೆ ಪಂಪು ಎಬ್ಬಿಸುವ ಅಲೆಗೆ ಉರುಳುತ್ತದೆ. ಉರುಳಿ ಇನ್ನೊಂದು ಹವಳದ ಮೇಲೆ ಬಿದ್ದರೆ ಎರಡೂ ಒಂದನ್ನೊಂದು ಕುಟುಕಿ ಸುಟ್ಟುಕೊಳ್ಳುತ್ತವೆ.

ಈ ಹುಚ್ಚು ಹಿಡಿದವರಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ನನ್ನ ಹವಳದ ಚೂರು ನಿನ್ನ ಮನೆಯಲ್ಲಿ ಬೆಳೆಯಲಿ, ನಿನ್ನದು ನನ್ನ ಮನೆಯಲ್ಲಿ. ಒಂದು ಕಡೆ ಸತ್ತರೆ ಇನ್ನೊಂದು ಕಡೆ ಉಳಿಯುತ್ತದೆ. ಆರ್‌ಪಿಸಿ ಲೇಔಟಿನ ಉದಯಕುಮಾರ್ ಅವರ ಟ್ಯಾಂಕು ಹೋದ ತಿಂಗಳು ಕೆಟ್ಟು, ನಾಲ್ಕು ವರ್ಷ ಸಾಕಿದ ಕೆಂಪು ಹವಳವೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಉಳಿದದ್ದು ಹೆಬ್ಬೆರಳಿನಷ್ಟು. ಅದನ್ನು ಅವರು ಭಾನುವಾರ ಬೆಳಿಗ್ಗೆ ತಂದು ಗೋಪೀನಾಥನ ಕೈಗೆ ಕೊಟ್ಟಿದ್ದರು.

ಎಂಟು ಗಂಟೆಗೆ ಅವರದೇ ಫೋನು ಬಂತು. ಗೋಪೀನಾಥ ತಡವರಿಸುತ್ತ ಸುದ್ದಿ ಹೇಳಿದ. ಆ ಕಡೆಯಿಂದ ಏನೋ ಪ್ರಶ್ನೆ. ಇವನು ಗಂಟಲು ಸರಿಮಾಡಿಕೊಂಡ.

"ಅಂಟಿಸಿದ್ದೆ ಉದಯ್. ಕೆಳಗೆ ಅಂಟು, ಮಧ್ಯೆ ಪುಟ್ಟಿ, ಮೇಲೆ ಮತ್ತೆ ಅಂಟು. ಕಲ್ಲು ಒಡೀಬೇಕು, ಅದು ಬಿಡಲ್ಲ. ಯಾರೋ ಕಿತ್ತಿದ್ದಾರೆ."

ಯಾರೋ.

ಆ ಹೊತ್ತಿನಲ್ಲಿ ಮನೆಯಲ್ಲಿದ್ದ 'ಯಾರೋ' ಒಬ್ಬಳೇ. ಆರೂವರೆಗೆ ಬಂದು ಟ್ಯಾಂಕಿನ ಹೊರಗಾಜು ಒರೆಸಿ, ಈಗ ಒಳಕೋಣೆ ಸಾರಿಸುತ್ತಿದ್ದ ಅಂಜನಮ್ಮ. ಮೂಡಲಪಾಳ್ಯದಿಂದ ನಡೆದೇ ಬರುತ್ತಿದ್ದಳು. ಈ ರಸ್ತೆಯಲ್ಲಿ ಮೂರು ಮನೆಯ ಕೆಲಸ, ಒಂಬತ್ತು ವರ್ಷದಿಂದ.

ಹೋದ ವಾರವಷ್ಟೇ ಅವಳು ಟ್ಯಾಂಕಿನ ಮುಂದೆ ನಿಂತು ಕೇಳಿದ್ದಳು, ಉಂಗುರಕ್ಕೆ ಕಟ್ಟಿಸೋದು ಈ ಹವಳಾನೇನಾ ಸಾರ್ ಎಂದು. ಮಗಳು ಮಾನಸಳ ಜಾತಕದಲ್ಲಿ ಕುಜದೋಷ ಇದೆ, ಹವಳ ಹಾಕಿಸಿ ಎಂದು ಜೋಯಿಸರು ಹೇಳಿದ್ದರಂತೆ. ಗೋಪೀನಾಥ ನಕ್ಕಿದ್ದ. ಕುಜ ಅಷ್ಟು ದೂರದಿಂದ ಅವಳ ಬೆರಳು ನೋಡ್ತಾನೇನಮ್ಮ ಎಂದಿದ್ದ. ಈಗ ಆ ಮಾತು ಅಕ್ಕ ತಮ್ಮ ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಅಂಜನಮ್ಮ, ತಪ್ಪು ತಿಳ್ಕೋಬೇಡ. ಚೀಲ ಒಂದ್ಸಲ ತೋರಿಸ್ತೀಯಾ?"

ಬೇಡ ಕಣೋ ಎನ್ನಬೇಕಿತ್ತು ಪಂಕಜಾ. ನಾಲಗೆಯ ತುದಿಗೆ ಬಂದಿತ್ತು. ಹೊರಗೆ ತರಕಾರಿ ಗಾಡಿ ನಿಂತಿತ್ತು, ಸುತ್ತ ನಾಲ್ಕೈದು ಹೆಂಗಸರು. ಅವರ ಕಣ್ಣಿಗೆ ಬೀಳದಿರಲಿ ಎಂದು ಅವಳು ಎದ್ದು ಹೋಗಿ ಬೀದಿಬಾಗಿಲು ಹಾಕಿ ಚಿಲಕ ಸೇರಿಸಿದಳು. ಅಷ್ಟೇ ಮಾಡಿದ್ದು.

ಅಂಜನಮ್ಮ ಸೆರಗಿಗೆ ಕೈ ಒರೆಸಿಕೊಂಡು, ಚೀಲದಲ್ಲಿದ್ದುದನ್ನೆಲ್ಲ ಒಂದೊಂದಾಗಿ ನೆಲದ ಮೇಲೆ ಇಟ್ಟಳು. ಮೇಜಿನ ಮೇಲಲ್ಲ, ಒದ್ದೆ ನೆಲದ ಮೇಲೆ. ಬಾಚಣಿಗೆ. ಬೀಗದ ಕೈ. ಸ್ಟೀಲ್ ಡಬ್ಬಿ, ಅದರ ಮುಚ್ಚಳವನ್ನೂ ತೆಗೆದು ತೋರಿಸಿದಳು. ಪ್ಲಾಸ್ಟಿಕ್ ಕವರಿನಲ್ಲಿ ಮಗಳ ಜಾತಕದ ಪ್ರತಿ, ಜೊತೆಗೆ ಎರಡು ಫೋಟೋ. ಹಸಿರು ಸೀರೆಯುಟ್ಟ ಹುಡುಗಿ ನೆಲದಿಂದ ಮೂವರನ್ನೂ ನೋಡುತ್ತಿದ್ದಳು.

ಹವಳ ಇರಲಿಲ್ಲ.

ಕೊನೆಗೆ ಒಂದು ಕಾಗದದ ಪೊಟ್ಟಣ. ಅದನ್ನು ಮಾತ್ರ ಪಂಕಜಾಳ ಪಕ್ಕದ ಕುರ್ಚಿಯ ಮೇಲಿಟ್ಟಳು.

"ದೊಡ್ಡಪತ್ರೆ ಎಲೆ. ಕೆಮ್ಮು ಅಂದಿದ್ರಲ್ಲಮ್ಮ, ನಿಮಗೆ ತಂದಿದ್ದು."

ತಾನೇ ಚಿಲಕ ತೆಗೆದು ಹೊರಟುಹೋದಳು. ಸಾರಿಸುತ್ತಿದ್ದ ಬಕೆಟ್ಟು ಒಳಕೋಣೆಯ ಬಾಗಿಲಲ್ಲೇ ಉಳಿಯಿತು.

ಹತ್ತು ಗಂಟೆಗೆ ಎದುರುಮನೆಯ ದೇವೇಂದ್ರಪ್ಪನವರು ಗೇಟಿನಲ್ಲಿ ನಿಂತು ವಿಚಾರಿಸಿದರು. ಗೋಪೀನಾಥ ಹೇಳಿಬಿಟ್ಟ. ಹನ್ನೊಂದಕ್ಕೆ ಅವರ ಮನೆಯಿಂದ ಅಂಜನಮ್ಮನಿಗೆ ಫೋನು ಹೋಯಿತು, ನಾಳೆಯಿಂದ ಬರಬೇಡ ಎಂದು. ಅವರ ಮಹಡಿ ಮೇಲಿನವರೂ ಹಾಗೇ ಹೇಳಿದರು. ಗುರುವಾರ ಮಾನಸಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವರು ನಾಗರಬಾವಿಯವರು. ಚಂದ್ರಾ ಲೇಔಟಿನಲ್ಲಿ ಎದ್ದ ಮಾತು ನಾಗರಬಾವಿಗೆ ಹೋಗಲು ಬಸ್ಸು ಬೇಕಿಲ್ಲ.

ಪಂಕಜಾಳಿಗೆ ಊಟ ಸೇರಲಿಲ್ಲ. ಕಳ್ಳತನ ಯಾರು ಮಾಡಿದರೋ, ಆ ಚಿಲಕ ಹಾಕಿದ್ದು ತಾನು. ಗುರುವಾರದ ಒಳಗೆ ಇದು ಬಗೆಹರಿಯಬೇಕು, ಬಗೆಹರಿಸಬೇಕಾದವಳೂ ತಾನೇ ಎಂದುಕೊಂಡು ಎದ್ದಳು.

ಭಾನುವಾರ ಹವಳ ಬಂದ ಮೇಲೆ ಈ ಹಾಲ್‌ಗೆ ಕಾಲಿಟ್ಟವರು ಮೂವರು. ಟ್ಯಾಂಕಿನ ನೀರು ಬದಲಿಸಲು ತಿಂಗಳಿಗೆ ಎರಡು ಸಲ ಬರುವ ಸಂಪತ್. ಸಂಜೆ ಇನ್ನೊಮ್ಮೆ ಬಂದ ಉದಯಕುಮಾರ್. ಇವತ್ತು ಬೆಳಿಗ್ಗೆ ಅಂಜನಮ್ಮ.

ಉದಯಕುಮಾರ್ ಹೇಳಿದ್ದು ಇಷ್ಟು: ತಾವು ಬಂದಾಗ ಆರಕ್ಕೆ ಹತ್ತು ನಿಮಿಷ ಇತ್ತು. ಹವಳ ಕಲ್ಲಿನ ಮೇಲಿತ್ತು, ಮೊಗ್ಗಿನಂಥ ಬಾಯಿಗಳು ಅರಳಿದ್ದವು, ನೋಡಿ ಸಮಾಧಾನವಾಯಿತು. ಪಂಕಜಾ ಮೆಣಸಿನಕಾಯಿ ಬಜ್ಜಿ ಕೊಟ್ಟಳು. ಎಂಟಕ್ಕೆ ಹೊರಟರು.

ಸಂಪತ್‌ನ ಫೋನಿನಲ್ಲಿ ಹಿಂದಿನಿಂದ ಯಾವುದೋ ಪಂಪು ಗುರ್ರೆನ್ನುತ್ತಿತ್ತು.

"ನಾನು ಹೊರಟಾಗ ನಾಲ್ಕು ಮುಕ್ಕಾಲು ಆಂಟಿ. ಸಾರ್ ಬಿಲ್ಲೇನ ಕಲ್ಲು ಮೇಲೆ ಅಲ್ಲಿ ಇಲ್ಲಿ ಇಟ್ಟು ನೋಡ್ತಾ ಇದ್ರು. ನಾನೇ ಅಂಟಿಸಿ ಹೋಗ್ಲಾ ಅಂದೆ. ನೀನು ಹೊರಡಪ್ಪ ಅಂದ್ರು."

"ಆಮೇಲೆ?"

"ಆಮೇಲೇನು, ನೀವೇ ಅಡುಗೆಮನೆಯಿಂದ ಕೂಗಿದ್ರಲ್ಲ? ರಾಹುಕಾಲ ಕಣೋ, ಆರು ಗಂಟೆ ಆಗ್ಲಿ ಅಂತ. ಸಾರ್ ನಕ್ಕುಬಿಟ್ರು. ಸಮುದ್ರದಲ್ಲಿ ಹವಳ ರಾಹುಕಾಲ ನೋಡ್ಕೊಂಡು ಬೆಳೆಯುತ್ತೇನೋ ಸಂಪತ್ ಅಂದ್ರು."

ಅದು ನಿಜ. ಗೋಪೀನಾಥನ ಆ ನಗೆ ಇಡೀ ಲೇಔಟಿಗೆ ಪರಿಚಿತ. ಈ ಮನೆಯ ಗೃಹಪ್ರವೇಶವನ್ನೇ ಹಟಹಿಡಿದು ರಾಹುಕಾಲದಲ್ಲಿ ಮಾಡಿದವನು ಅವನು. ಪಾರ್ಕಿನ ಕಟ್ಟೆಯ ಮೇಲೆ ಇವತ್ತಿಗೂ ಅದನ್ನು ಹೇಳುತ್ತಾನೆ.

"ಇನ್ನೊಂದು ಹೇಳ್ಲಾ ಆಂಟಿ? ಹಮಾಲಿಯೇನಾದ್ರೂ ಹೊತ್ಕೊಂಡು ಹೋಯ್ತಾ ನೋಡಿ."

ಹಮಾಲಿ ಎಂದರೆ ಟ್ಯಾಂಕಿನಲ್ಲಿದ್ದ ಕಡಲ ಮುಳ್ಳುಚೆಂಡು ಎಂಬ ಪ್ರಾಣಿ. ನಿಂಬೆಹಣ್ಣಿನಷ್ಟು ಗಾತ್ರ, ಮೈತುಂಬ ಮುಳ್ಳು. ಕಪ್ಪೆಚಿಪ್ಪು, ಕಲ್ಲಿನ ಚೂರು, ಸಡಿಲವಾಗಿ ಸಿಕ್ಕಿದ್ದನ್ನೆಲ್ಲ ಬೆನ್ನ ಮೇಲೇರಿಸಿಕೊಂಡು ತಿರುಗುವುದು ಅದರ ಸ್ವಭಾವ. ಪಂಕಜಾ ಅದರ ಬಗ್ಗೆ ಬೆಳಿಗ್ಗೆಯೇ ಕೇಳಿದ್ದಳು. ಅಂಟಿಸಿದ್ದನ್ನ ಅದು ಕೀಳಕ್ಕಾಗುತ್ತಾ ಅಕ್ಕಾ ಎಂದು ಗೋಪೀನಾಥ ಬಾಯಿ ಮುಚ್ಚಿಸಿದ್ದ.

ಎಲ್ಲ ದಾರಿಯೂ ಆ ಒಂದು ಮಾತಿನ ಮುಂದೆ ಬಂದು ನಿಲ್ಲುತ್ತಿತ್ತು — ಅಂಟಿಸಿದ್ದೆ.

ಅವಳು ತನ್ನ ಭೂತಗನ್ನಡಿ ತಂದು ಟ್ಯಾಂಕಿನ ಮುಂದೆ ಕುಳಿತಳು. ಹವಳ ಇದ್ದ ಕಲ್ಲು ಗಾಜಿಗೆ ನಾಲ್ಕೇ ಬೆರಳು ದೂರದಲ್ಲಿತ್ತು. ಕಲ್ಲಿನ ಮೈಗೆ ಹತ್ತಿದ ನೇರಳೆ ಪಾಚಿಯ ಪದರವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಟ್ಯಾಂಕಿನ ಕೆಳಗಿನ ಕಪಾಟು ತೆರೆದಳು. ಅಂಟಿನ ಟ್ಯೂಬು, ಎರಡು ಬಣ್ಣದ ಪುಟ್ಟಿಯ ಕಡ್ಡಿ, ಚಿಮಟ, ತಮ್ಮನ ಬೆರಳಿಗೆಂದು ಅವಳೇ ಇಟ್ಟಿದ್ದ ಕೊಬ್ಬರಿ ಎಣ್ಣೆಯ ಪುಟ್ಟ ಬಟ್ಟಲು. ಎಣ್ಣೆಯ ಮೇಲೆ ತೆಳ್ಳಗೆ ಧೂಳು ಕೂತಿತ್ತು.

ಮೂರು ಗಂಟೆಗೆ ಗೋಪೀನಾಥನಿಗೆ ಕಾಫಿ ಕೊಟ್ಟಳು. ಅವನು ಮತ್ತೆ ಕರವಸ್ತ್ರ ಸುತ್ತಿ ಲೋಟ ಹಿಡಿದ. ಪಂಕಜಾ ಆ ಕರವಸ್ತ್ರ ನೋಡುತ್ತ ನಿಂತಳು. ಬೆಳಿಗ್ಗೆಯೂ ನೋಡಿದ್ದಳು. ನೋಡಿಯೂ ನೋಡಿರಲಿಲ್ಲ.

ಚಪ್ಪಲಿ ಮೆಟ್ಟಿ ಮೂಡಲಪಾಳ್ಯದ ಕಡೆ ಹೊರಟಳು.

ಅಂಜನಮ್ಮ ಒಳಗೆ ಕರೆದು, ಇದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೊಟ್ಟಳು. ತಾನು ಹೊಸ್ತಿಲ ಮೇಲೆ ಕುಳಿತಳು.

"ಬೆಳಿಗ್ಗೆ ಗಾಜು ಒರೆಸಿದೆಯಲ್ಲ, ಆಗ ಗಾಜಿನ ಹತ್ರದ ಕಲ್ಲಿನ ಮೇಲೆ ಕೆಂಪು ಹವಳ ಇತ್ತಾ?"

"ಇರಲಿಲ್ಲಮ್ಮ. ಆ ಕಲ್ಲು ಖಾಲಿ ಇತ್ತು, ಹೊಸ ಹವಳ ಬಂದಿದೆ ಅಂತಾನೂ ನಂಗೆ ಗೊತ್ತಿರಲಿಲ್ಲ."

"ಅದನ್ನ ಆಗ್ಲೇ ಯಾಕೆ ಹೇಳ್ಲಿಲ್ಲ?"

"ಕೇಳ್ಲಿಲ್ಲವಲ್ಲ. ಚೀಲ ಕೇಳಿದ್ರು, ತೋರಿಸ್ದೆ." ಅಂಜನಮ್ಮ ಬೀದಿಯ ಕಡೆ ನೋಡುತ್ತಲೇ ಮುಂದುವರಿಸಿದಳು. "ಸಾರ್ ಕೇಳಿದ್ದಕ್ಕೆ ನಂಗೆ ಅಷ್ಟು ಬೇಜಾರಾಗ್ಲಿಲ್ಲ. ಗಂಡಸ್ರು, ವಸ್ತು ಹೋದ ಸಂಕಟ. ನೀವು ಚಿಲಕ ಹಾಕಿದ್ರಿ ನೋಡಿ. ಓಡಿಹೋಗ್ತೀನಿ ಅಂದ್ಕೊಂಡ್ರಾ?"

ಪಂಕಜಾ, ಬೀದಿಯವರು ನೋಡಬಾರದೆಂದು ಹಾಕಿದೆ ಎನ್ನಲು ಬಾಯಿ ತೆರೆದಳು. ಅದು ನಿಜವೇ ಆಗಿತ್ತು. ಆದರೆ ಒದ್ದೆ ನೆಲದ ಮೇಲೆ ಕುಳಿತವಳಿಗೆ ಕೇಳಿಸಿದ್ದು ಚಿಲಕದ ಸದ್ದು ಒಂದೇ. ಬಾಯಿ ಮುಚ್ಚಿಕೊಂಡಳು. ಹೊರಡುವಾಗ, ಸಂಜೆ ಏಳಕ್ಕೆ ಒಮ್ಮೆ ಮನೆ ಹತ್ತಿರ ಬಾ ಎಂದಳು. ಕೆಲಸಕ್ಕಲ್ಲ, ಒಂದು ಮಾತು ಕೇಳಿಸಿಕೊಂಡು ಹೋಗೋದಕ್ಕೆ.

ಏಳಕ್ಕೆ ಎಲ್ಲರೂ ಬಂದರು. ಉದಯಕುಮಾರ್ ಸೋಫಾದಲ್ಲಿ. ಏಕೆ ಕರೆದರೋ ತಿಳಿಯದ ದೇವೇಂದ್ರಪ್ಪ ಅವರ ಪಕ್ಕದಲ್ಲಿ. ಅಂಜನಮ್ಮ ಬಾಗಿಲ ಹೊರಗೆ, ಚಪ್ಪಲಿಗಳ ಹತ್ತಿರ. ಪಂಕಜಾ ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲ ತೆರೆದಿಟ್ಟಳು.

"ಗೋಪಿ, ಅಂಟಿಸಿದ ಹವಳ ಕಿತ್ತರೆ ಕಲ್ಲಿನ ಮೇಲೆ ಏನು ಉಳಿಯುತ್ತೆ?"

"ಈಗ ಇದೆಲ್ಲ ಯಾಕಕ್ಕಾ?"

"ಪಾಠ ಹೇಳಿದವನು. ಹೇಳು."

"...ಪುಟ್ಟಿ ಉಳಿಯುತ್ತೆ. ಇಲ್ಲಾಂದ್ರೆ ಪದರ ಕಿತ್ತು ಕಲ್ಲು ಬೆಳ್ಳಗೆ ಕಾಣುತ್ತೆ."

ಅವಳು ಭೂತಗನ್ನಡಿಯನ್ನು ಉದಯಕುಮಾರ್ ಕೈಗೆ ಕೊಟ್ಟಳು. ಅವರು ಮೊಣಕಾಲೂರಿ ನೋಡಿದರು. ಎರಡು ಸಲ ನೋಡಿದರು.

"ಗಾಯಾನೇ ಇಲ್ಲ. ಪದರ ಹಾಗೇ ಇದೆ." ತಲೆ ಎತ್ತಿದರು. "ಸಾರ್, ಇಲ್ಲಿ ಅಂಟು ಮುಟ್ಟೇ ಇಲ್ಲ."



"ಅದನ್ನ ಯಾರು ಬೇಕಾದ್ರೂ ನೋಡಬಹುದಿತ್ತು," ಎಂದಳು ಪಂಕಜಾ. "ನಾನು ನೋಡಬೇಕಾಗಿದ್ದು ಬೇರೆ. ಇವನು ಅಂಟು ಮುಟ್ಟಿದ ದಿನವೆಲ್ಲ ಬೆರಳ ತುದಿಗೆ ಅದು ಗಟ್ಟಿಯಾಗಿ ಕೂತಿರುತ್ತೆ. ಎರಡು ದಿನ ಕೊಬ್ಬರಿ ಎಣ್ಣೆ ಹಚ್ಚಿ ಸುಲಿದ್ರೂ ಹೋಗಲ್ಲ. ಬಿಸಿನೇ ಗೊತ್ತಾಗಲ್ಲ ಇವನಿಗೆ, ಕುದಿಯೋ ಕಾಫಿ ಲೋಟಾನ ಬರಿಗೈಲಿ ಹಿಡ್ಕೊಂಡು ಪೇಪರ್ ಓದ್ತಾನೆ. ಇವತ್ತು ಬೆಳಿಗ್ಗೆ ಮುಟ್ಟಿದ ತಕ್ಷಣ ಕೈ ಸುಟ್ಕೊಂಡ. ಮಧ್ಯಾಹ್ನಾನೂ ಕರವಸ್ತ್ರ. ಎಣ್ಣೆ ಬಟ್ಟಲು ಅಲುಗಾಡೇ ಇಲ್ಲ."

ದೇವೇಂದ್ರಪ್ಪ ಗೋಪೀನಾಥನ ಕೈಗಳನ್ನು ನೋಡಿದರು. ಅವನು ಅವನ್ನು ಮಡಿಲಿಗೆ ಎಳೆದುಕೊಂಡ.

"ಅಂಟಿಸದೆ ಇಟ್ಟಿದ್ದು ಎಲ್ಲಿಗೆ ಹೋಗುತ್ತೆ? ಅದಕ್ಕೂ ಉತ್ತರ ಇದೆ."

ಟ್ಯಾಂಕಿನ ಹಿಂಬದಿ ಗೋಡೆಗೆ ಅಂಟಿಕೊಂಡಂತಿತ್ತು. ಅಲ್ಲಿ ತಲೆ ತೂರುವುದಿಲ್ಲ, ಟಾರ್ಚಿನ ಬೆಳಕಿಗೂ ಕಲ್ಲು ಅಡ್ಡ ನಿಲ್ಲುತ್ತದೆ. ಪಂಕಜಾ ತನ್ನ ಪೌಡರ್ ಡಬ್ಬಿಯ ಕನ್ನಡಿಯನ್ನು ಅಡುಗೆಮನೆಯ ಇಕ್ಕಳದಲ್ಲಿ ಕಚ್ಚಿಸಿ, ಗೋಡೆಗೂ ಗಾಜಿಗೂ ನಡುವಿನ ಸಂದಿಯಲ್ಲಿ ಇಳಿಬಿಟ್ಟಳು. ಉದಯಕುಮಾರ್ ಮೊಬೈಲಿನ ಬೆಳಕು ಹಿಡಿದರು. ಕನ್ನಡಿಯೊಳಗೆ ಮೊದಲು ಪಂಪಿನ ಕೊಳವೆ ಕಂಡಿತು. ಕೊಳವೆಯ ಕೆಳಗೆ ಹಮಾಲಿ. ಹಮಾಲಿಯ ಬೆನ್ನ ಮೇಲೆ ಒಂದು ಕಪ್ಪೆಚಿಪ್ಪು, ಅದರ ಪಕ್ಕದಲ್ಲಿ ವಾರೆಯಾಗಿ ಬಿಲ್ಲೆ, ಬಿಲ್ಲೆಯ ಮೇಲೆ ಮುದುಡಿಕೊಂಡ ಕೆಂಪು ಹವಳ.

ಉದಯಕುಮಾರ್ ಬಾಯಿಂದ ಸುದೀರ್ಘ ಉಸಿರು ಬಂತು. "ಜೀವ ಇದೆ," ಎಂದರು.

"ಕದ್ದವರು ಯಾರೂ ಇಲ್ಲ," ಎಂದಳು ಪಂಕಜಾ. "ಸುಳ್ಳು ಹೇಳಿದವನು ನನ್ನ ತಮ್ಮ. ಸುಮ್ಮನಿದ್ದು ಚಿಲಕ ಹಾಕಿದವಳು ನಾನು. ಯಾಕೆ ಅಂಟಿಸ್ಲಿಲ್ಲ ಅನ್ನೋದನ್ನ ನೀನೇ ಹೇಳು ಗೋಪಿ. ನಾನು ಹೇಳಿದ್ರೆ ಚೆನ್ನಾಗಿರಲ್ಲ."

ಗೋಪೀನಾಥ ನೆಲ ನೋಡುತ್ತಲೇ ಹೇಳಿದ.

"ಅಕ್ಕ ರಾಹುಕಾಲ ಅಂದಾಗ ನಕ್ಕೆ. ಸಂಪತ್ ಹೋದ್ಮೇಲೆ ಟ್ಯೂಬು ಕೈಗೆ ತಗೊಂಡೆ. ನಂದಾಗಿದ್ರೆ ಅಂಟಿಸಿಬಿಡ್ತಿದ್ದೆ. ಉದಯ್‌ದು, ಇದೊಂದೇ ಉಳಿದಿದ್ದು. ಯಾಕೋ ಕೈ ಬರಲಿಲ್ಲ. ಆರು ಗಂಟೆ ಆಗ್ಲಿ ಅಂತ ಸುಮ್ಮನೆ ಇಟ್ಟೆ. ಅಷ್ಟರಲ್ಲಿ ನೀವು ಬಂದ್ರಿ ಉದಯ್. ಮರೆತೆ."

"ಬೆಳಿಗ್ಗೆ ನೆನಪಾಯ್ತಾ?" ಉದಯಕುಮಾರ್ ಕೇಳಿದರು.

"ಖಾಲಿ ಜಾಗ ನೋಡಿದ ತಕ್ಷಣ. ಆದ್ರೆ ಮರಳಿನ ಮೇಲೂ ಇರಲಿಲ್ವಲ್ಲ. ಯಾರೋ ತೆಗೆದಿದ್ದಾರೆ ಅಂತ ನಂಗೆ ನಾನೇ ಹೇಳ್ಕೊಂಡೆ. ಅಂಟಿಸಿದ್ರಾ ಅಂತ ನೀವು ಕೇಳಿದ್ರಿ. ಇಲ್ಲ ಅಂದ್ರೆ ಯಾಕೆ ಅಂತ ಕೇಳ್ತೀರಿ. ರಾಹುಕಾಲ ಕಾದೆ ಅಂತ ಈ ಬಾಯಲ್ಲಿ ಹೇಗೆ ಹೇಳ್ಲಿ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ.

ಗೋಪೀನಾಥ ಎದ್ದು ಬಾಗಿಲ ಬಳಿ ಹೋದ. ಅಂಜನಮ್ಮನ ಮುಂದೆ ನಿಂತು, ತಪ್ಪಾಯ್ತಮ್ಮ ಎಂದು ಕೈಮುಗಿದ. ಅವಳು ಆ ಕೈಗಳನ್ನು ನೋಡಲಿಲ್ಲ.

"ಇಲ್ಲಿ ನಾಲ್ಕು ಜನರ ಮುಂದೆ ಅಂದ್ರೆ ಆಗಲ್ಲ ಸಾರ್. ಬೀದಿಯೆಲ್ಲ ಗೊತ್ತಾಗಿದೆ. ಬೆಳಿಗ್ಗೆ ತರಕಾರಿ ಗಾಡಿ ಹತ್ರ ಹೇಳಿ. ನಾನೂ ಬಂದು ನಿಂತ್ಕೋತೀನಿ."

"ಎಲ್ಲಾನೂ ಹೇಳಬೇಕಾ?" ಎಂದ ಗೋಪೀನಾಥ, ಮಗುವಿನಂತೆ.

"ನನ್ನ ಚೀಲದಲ್ಲಿದ್ದಿದ್ದು ಎಲ್ಲಾ ನೋಡಿದ್ರಲ್ಲ ಸಾರ್."

ಮಂಗಳವಾರ ಬೆಳಿಗ್ಗೆ ಸೊಪ್ಪಿನ ಕಟ್ಟುಗಳ ಪಕ್ಕದಲ್ಲಿ ನಿಂತು ಅವನು ಹೇಳಿದ. ಅಂಟಿಸಿರಲಿಲ್ಲ ಎಂದ. ರಾಹುಕಾಲ ಕಳೆಯಲಿ ಎಂದು ಕಾದೆ ಎಂದ. ಸುಳ್ಳು ಹೇಳಿ ಈಕೆಯ ಹೆಸರು ಕೆಡಿಸಿದೆ ಎಂದ. ತರಕಾರಿಯವನು ತಕ್ಕಡಿ ಕೆಳಗಿಟ್ಟು ಕೇಳಿದ. ಪಾರ್ಕಿನ ಕಟ್ಟೆಯ ಗೆಳೆಯರಿಬ್ಬರು ಅಲ್ಲೇ ಹಾಲು ಹಿಡಿದು ನಿಂತಿದ್ದರು. ಅವರಲ್ಲೊಬ್ಬರು ಅವನ ಮುಖ ನೋಡಲಾರದೆ ಟೊಮೆಟೊ ಆರಿಸತೊಡಗಿದರು. ಪಂಕಜಾ ಪಕ್ಕದಲ್ಲಿ ನಿಂತು, ಚಿಲಕ ಹಾಕಿದ್ದು ನಾನು ಎಂದಳು. ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ಒಬ್ಬಾಕೆ ಏನು ಎಂದು ಕೇಳಿದಳು, ಅವಳು ಇನ್ನೊಮ್ಮೆ ಹೇಳಬೇಕಾಯಿತು.

ಅಂಜನಮ್ಮ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ದೇವೇಂದ್ರಪ್ಪನವರ ಹೆಂಡತಿ ಬಂದು ಕೈಹಿಡಿದು ಕರೆದಾಗ, ಅವರ ಮನೆಯ ಕೆಲಸಕ್ಕೆ ಹೋದಳು. ಮಹಡಿ ಮೇಲಿನವರ ಮನೆಗೂ ಹೋದಳು. ಈ ಮನೆಗೆ ಬರಲಿಲ್ಲ. ಬಾ ಎಂದು ಕೇಳುವ ಮುಖ ಇವರಿಬ್ಬರಿಗೂ ಇರಲಿಲ್ಲ.

ಗುರುವಾರ ಗಂಡಿನ ಕಡೆಯವರು ಬಂದರೆಂದೂ, ಉಪ್ಪಿಟ್ಟು ಕೇಸರಿಬಾತು ಆಯಿತೆಂದೂ, ಹುಡುಗಿ ಒಪ್ಪಿಗೆಯಾಗಿದ್ದಾಳೆಂದೂ ಎದುರುಮನೆಯಿಂದ ತಿಳಿಯಿತು.

ಶುಕ್ರವಾರ ಬೆಳಿಗ್ಗೆ ಪಂಕಜಾ ಮನೆಯ ಮುಂದೆ ನೀರು ಚಿಮುಕಿಸಿ ಗುಡಿಸುತ್ತಿದ್ದಳು. ಬಗ್ಗಿದವಳಿಗೆ ಕೆಮ್ಮು ಬಂದು, ಗೇಟಿನ ಕಂಬ ಹಿಡಿದು ನಿಲ್ಲಬೇಕಾಯಿತು. ಎದುರುಮನೆಗೆ ಹೋಗುತ್ತಿದ್ದ ಅಂಜನಮ್ಮ ನಿಂತಳು. ಹತ್ತಿರ ಬಂದು, ಏನೂ ಹೇಳದೆ ಪಂಕಜಾಳ ಕೈಯಿಂದ ಪೊರಕೆ ತೆಗೆದುಕೊಂಡು, ಗೇಟಿನ ಮುಂದಿನ ಜಾಗವನ್ನು ರಸ್ತೆಯವರೆಗೂ ಸರಸರನೆ ಗುಡಿಸಿದಳು. ಕಸ ಒಂದು ಬದಿಗೆ ಒತ್ತಿದಳು. ಪೊರಕೆಯನ್ನು ಗೇಟಿಗೆ ಒರಗಿಸಿ, ಸೆರಗು ಸರಿಮಾಡಿಕೊಂಡು ರಸ್ತೆ ದಾಟಿದಳು.

ಗೇಟಿನ ಒಳಗೆ ಮಾತ್ರ ಅವಳು ಕಾಲಿಡಲಿಲ್ಲ.